ಗಫಾರನ ನೋಟ್‌ಬುಕ್ಕೂ ನನ್ನ ಅನುಮಾನವೂ

ಇತಿಹಾಸದಲ್ಲಿ ಎಂ.ಎ. ಮುಗಿಸಿ, ಜರಿ ರುಮಾಲು ಸುತ್ತಿಕೊಂಡು, ಮಧುಗಿರಿಯ ಹೊಸ ಇಂಟರ್‌ಮೀಡಿಯಟ್ ಕಾಲೇಜಿಗೆ ಅಧ್ಯಾಪಕನಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಇತಿಹಾಸ ನನ್ನ ಅಂಗೈಯಲ್ಲಿದೆ ಎಂಬ ಧೈರ್ಯ. ಊರಿನ ಗಣ್ಯರು ಸೇರಿ ನಡೆಸುತ್ತಿದ್ದ ಆ ಕಾಲೇಜು ಎರಡೇ ವರ್ಷ ಬಾಳಿತು. ಅದಕ್ಕೆ ನಾನೊಬ್ಬನೇ ಕಾರಣನಲ್ಲ!

ನನ್ನ ಪಾಠ ಇಂಗ್ಲಿಷಿನಲ್ಲಿ ಹೊರಟು, ಉಸಿರು ಕಟ್ಟಿದಾಗ ಕನ್ನಡಕ್ಕೆ ಹೊರಳುತ್ತಿತ್ತು. ವಿದ್ಯಾರ್ಥಿಗಳು ಮರ್ಯಾದೆಯಿಂದ ನಿದ್ದೆ ಮಾಡುತ್ತಿದ್ದರು. ಒಬ್ಬನನ್ನು ಬಿಟ್ಟು. ಅವನೇ ಸಿರಾದ ಗಫಾರ್. ಹಿಂದಿನ ಬೆಂಚಿನಲ್ಲಿ ಕೂತು ತಲೆ ಎತ್ತದೆ ಬರೆಯುತ್ತಿದ್ದ. ನಡುನಡುವೆ ಒಬ್ಬನೇ ನಗುತ್ತಿದ್ದ. ಒಂದು ದಿನ ಇಣುಕಿ ನೋಡಿದೆ. ಉರ್ದು!

ಸರ್ಕಾರದ ವಿರುದ್ಧ ಒಂದು ಮಾತು ಆಡಿದರೂ ಪೊಲೀಸರು ವಿಚಾರಿಸುತ್ತಿದ್ದ ಕಾಲ. ನನ್ನ ನೌಕರಿಯೋ ಇನ್ನೂ ಕಾಯಂ ಆಗಿರಲಿಲ್ಲ. ಇವನು ಗುಪ್ತಚರನೇ ಇರಬೇಕು!

"ಮೇಷ್ಟ್ರು ಹೇಳಿದ್ದನ್ನ ಹುಡುಗರು ಬರ್ಕೊಳ್ಳೋದು ಇದ್ದದ್ದೇ ಅಲ್ವೇನ್ರೀ?" ಎಂದಳು ನನ್ನ ಹೆಂಡತಿ ಸೀತೆ.

"ನನ್ನ ಪಾಠವನ್ನು ಯಾರಾದರೂ ಬರೆದುಕೊಳ್ಳುತ್ತಾರೇನೇ?" ಎಂದು ಗದರಿದೆ. ಏನು ಹೇಳಿದೆನೆಂದು ಆಮೇಲೆ ಹೊಳೆಯಿತು.

ಮರುದಿನ ಪರೀಕ್ಷಿಸಲೆಂದು ಪಾಠದ ನಡುವೆ "ಆ ಕಿಟಕಿ ಮುಚ್ಚಿ" ಎಂದೆ. ಅದನ್ನೂ ಬರೆದುಕೊಂಡ! ಓಡಿಹೋಗಿ ನೋಟ್‌ಬುಕ್ಕು ಕಿತ್ತುಕೊಂಡೆ.

"ಉರ್ದುವಿನಲ್ಲಿ ಯಾಕೋ ಬರೀತೀಯ?"

"ಇಂಗ್ಲಿಷ್ನಾಗೆ ಬರ್ಯೋಷ್ಟ್ರಲ್ಲಿ ನೀವು ಮುಂದಕ್ಕೋಗ್ಬುಡ್ತೀರ ಸಾ."

ಇಷ್ಟು ಸಲೀಸಾದ ಉತ್ತರ ಅಮಾಯಕರ ಬಾಯಲ್ಲಿ ಬರುವುದುಂಟೆ? ಅನುಮಾನ ಇಮ್ಮಡಿಯಾಯಿತು. ಅವನನ್ನು ಕಾಲೇಜಿನಿಂದ ತೆಗೆದುಹಾಕಬೇಕೆಂದು ದೂರು ಬರೆದು ಪ್ರಿನ್ಸಿಪಾಲರ ಮುಂದಿಟ್ಟೆ. ಸಾಕ್ಷಿಗಿರಲೆಂದು ಉಳಿದ ಅಧ್ಯಾಪಕರನ್ನೂ ನಾನೇ ಕರೆದೆ.

ಕರೆಸಿದ್ದ ಗಫಾರನ ಕಣ್ಣು ತುಂಬಿತ್ತು. "ನಮ್ಮಪ್ಪ ಪಾತ್ರೆಗೆ ಕಲಾಯಿ ಆಕ್ತಾರೆ ಸಾ. ನಮ್ಮನೆಯಾಗೆ ಕಾಲೇಜು ಮೆಟ್ಲತ್ತಿದೋನು ನಾನೊಬ್ನೇ. ಬುಡಿಸ್ಬೇಡಿ."

ನೋಟ್‌ಬುಕ್ಕು ಓದಿಸಲೆಂದು ಪ್ರಿನ್ಸಿಪಾಲರು ಪೇಟೆಯ ಅತ್ತರಿನ ಅಂಗಡಿಯಿಂದ ಉರ್ದು ಬಲ್ಲ ಖಾದರ್ ಸಾಹೇಬರನ್ನು ಕರೆಸಿದರು. ಸಾಹೇಬರು ಕನ್ನಡಕ ಏರಿಸಿ, ಕನ್ನಡ ಮಾಡಿ ಓದತೊಡಗಿದರು.

"ಸೋಮವಾರ. ಬಾಬರ್ ಹುಮಾಯೂನನ ಮಗ ಅಂದ್ರು ಸಾರು. ಬುಕ್ನಾಗೆ ಅಪ್ಪ ಅಂತೈತೆ."

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ಬೆಟ್ಟ ನೋಡಿದೆ.

"ಮಂಗಳವಾರ. ಅಕ್ಬರ್ ಸಿರಾ ಕೋಟೆ ಮುತ್ತಿದ ಅಂದ್ರು. ನಮ್ಮ ತಾತನ್ನ ಕೇಳ್ದೆ. ಅಕ್ಬರ್ ನಮ್ಮೂರ ಕಡೆ ತಲೇನೇ ಆಕಿಲ್ವಂತೆ."

"ಸಾಕು ಸಾಹೇಬರೇ" ಎಂದೆ.

"ಇನ್ನೂ ಐತೆ ಸ್ವಾಮಿ!" ಸಾಹೇಬರಿಗೆ ಹುರುಪು ಬಂದಿತ್ತು. "ಬುಧವಾರ. ಸಾರು ಅಂಗೈ ನೋಡ್ಕೊಂಡು ಇಸ್ವಿ ಹೇಳಿದ್ರು. ಬೆವರಿಗೆ ಒಂದು ಅಂಕಿ ಅಳಿಸೋಗಿತ್ತು. ನೂರು ವರ್ಷ ಎಚ್ಚು ಕಮ್ಮಿ ಆಯ್ತು."

ನಾನು ಸಾಕ್ಷಿಗೆ ಕರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. ನನ್ನ ದೂರನ್ನು ತಿರುಗಿಸಿ ಕೈಗಿತ್ತರು. "ಹಿಂಬದಿ ಖಾಲಿ ಇದೆ. ನಾಳೆಯ ಪಾಠ ಇದರಲ್ಲಿ ಬರ್ಕೊಂಡು ಬನ್ನಿ."

ಹೊರಗೆ ಜಗಲಿಯಲ್ಲಿ ಗಫಾರನಿಗೆ ನೋಟ್‌ಬುಕ್ಕು ಹಿಂದಿರುಗಿಸಿ, "ತಪ್ಪಾಯಿತಪ್ಪ" ಎಂದೆ.

"ಅಂಗನ್ಬೇಡಿ ಸಾ" ಎಂದ ಪಾಪ, ನಿಜವಾದ ಮರ್ಯಾದೆಯಿಂದ. "ನೀವು ಏನೇ ಹೇಳಿದ್ರೂ ಮನೇಗೋಗಿ ಬುಕ್ ತೆಗೆದು ನೋಡ್ಬೇಕು ಅಂತ ಕಲ್ತೆ. ಬೇರೆ ಮೇಷ್ಟ್ರು ಪಾಠದಾಗೆ ಇಂಗಾಗಕಿಲ್ಲ."

ಎರಡನೆಯ ವರ್ಷ ಇಡೀ ಕಾಲೇಜಿನಲ್ಲಿ ಇತಿಹಾಸದಲ್ಲಿ ಪ್ರಥಮ ದರ್ಜೆ ಬಂದದ್ದು ಗಫಾರನೊಬ್ಬನಿಗೇ. ಆಡಳಿತ ಮಂಡಳಿಯವರು ಅದು ನನ್ನ ಪಾಠದ ಮಹಿಮೆಯೆಂದು ಸಭೆ ಕರೆದು, ಸೇವಂತಿಗೆ ಹಾರ ತರಿಸಿದರು. ಸತ್ಯ ಹೇಳಿಬಿಡೋಣವೆಂದು ಎದ್ದು ನಿಂತೆ. ಹಾರ ಹಾಕಿಸಿಕೊಳ್ಳಲೆಂದೇ ಎದ್ದೆನೆಂದು ಅವರು ತಿಳಿದರು.

ಕತ್ತು ಬಗ್ಗಿಸಿದೆ.