ಕಣ್ಣಿಗೆ ಬಂದ ಬೂಷ್ಟು

ಸ್ವಚ್ಛತೆಯ ಬಗ್ಗೆ ಊರಿಗೆಲ್ಲ ಉಪದೇಶ ಮಾಡುವವರಿಗೆ ಕೆಲವು ಕಾಯಿಲೆಗಳು ಬರಬಾರದು. ಬಿ.ಪಿ. ಬರಲಿ, ಮಂಡಿನೋವು ಬರಲಿ, ಅವು ಮರ್ಯಾದಸ್ಥರ ಕಾಯಿಲೆಗಳು; ಮದುವೆಮನೆಯ ಪಂಕ್ತಿಯಲ್ಲಿ ಕೂತು ಗಟ್ಟಿಯಾಗಿ ಹೇಳಿಕೊಳ್ಳಬಹುದು. ಆದರೆ ಹೇನು, ಕಜ್ಜಿ, ಜಂತುಹುಳ ಇವು ಬಂದರೆ ಜೀವಮಾನದ ಉಪದೇಶವೆಲ್ಲ ಒಂದೇ ದಿನಕ್ಕೆ ಮಣ್ಣುಪಾಲು. ನನಗೆ ಬಂದದ್ದು ಇವೆಲ್ಲಕ್ಕಿಂತ ಒಂದು ಕೈ ಮೇಲು. ನನ್ನ ಎಡಗಣ್ಣಿಗೆ ಬೂಷ್ಟು ಬಂತು. ಬೂಷ್ಟು ಎಂದರೆ ಅದೇ, ಹಳೇ ರೊಟ್ಟಿಯ ಮೇಲೆ, ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿಯ ಮೇಲೆ ಬೆಳೆಯುತ್ತದಲ್ಲ, ಆ ಸಂತತಿಯದು.

ನಾನು ಶಿಕಾರಿಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದವಳು. ನಿವೃತ್ತಿ ಸಿಕ್ಕಿದ್ದು ಹಾಸ್ಟೆಲ್ಲಿಗೆ, ನನಗಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ಮನೆಯಲ್ಲಿ ಗಂಟೆ ಬಾರಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಟವೆಲ್ಲುಗಳಿಗೆಲ್ಲ ಅವರವರ ಹೆಸರಿನ ಮೊದಲ ಅಕ್ಷರ ಹೊಲಿದಿದ್ದೇನೆ. ಹೊರಗಿನಿಂದ ಬಂದವರು ಕೈ ತೊಳೆಯದೆ ನೀರಿನ ಲೋಟ ಮುಟ್ಟುವಂತಿಲ್ಲ. ಒಮ್ಮೆ ಗ್ಯಾಸ್ ತಂದವನು ಕೈ ತೊಳೆದು, ಉಗುರನ್ನೂ ತೋರಿಸಿ, "ಸಿಲಿಂಡರ್ ಕೂಡ ತೊಳೀಲಾ ಮೇಡಂ?" ಎಂದು ಕೇಳಿದ. ಅವನು ತಮಾಷೆಗೆ ಕೇಳಿದ್ದು ಎಂದು ನನಗೆ ಗೊತ್ತಾದದ್ದು ನಾನು ಹೂಂ ಎಂದ ಮೇಲೆ.

ಕಳೆದ ಸುಗ್ಗಿಯ ಹೊತ್ತಿಗೆ ಯಜಮಾನರಿಗೆ ಕಣ್ಣುಬೇನೆ ಬಂತು. ಬೆಳಿಗ್ಗೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡು ತೆರೆಯಲಾಗದೆ, ಹಾಸಿಗೆಯಿಂದಲೇ "ಲೇ, ಬೆಳಗಾಯ್ತಾ?" ಎಂದು ಕೂಗಿದರು. ನಾನು ತಡಮಾಡಲಿಲ್ಲ. ತಟ್ಟೆ, ಲೋಟ, ದಿಂಬು ಸಮೇತ ಮುಂದಿನ ಕೋಣೆಗೆ ಗಡೀಪಾರು ಮಾಡಿದೆ. ಬ್ಯಾಕ್ಟೀರಿಯಾಗಳು ಶಿಸ್ತಿಲ್ಲದವರನ್ನೇ ಹುಡುಕಿಕೊಂಡು ಬರುತ್ತವೆ ಎಂದು ಬಾಗಿಲ ಹೊರಗೆ ನಿಂತು ವಿವರಿಸಿದೆ. "ಬರ್ಲಿ ಬಿಡೆ, ಅವು ಮಾತಾಡಲ್ಲ" ಎಂದು ಒಳಗಿನಿಂದ ಉತ್ತರ ಬಂತು. ಬೀದಿಯ ಮೆಡಿಕಲ್ ಶಾಪಿನವನನ್ನು ಕೇಳಿ ಒಂದು ಡ್ರಾಪ್ಸ್ ತಂದೆ. "ಏನಾಗಂಗಿಲ್ಲ ಬಿಡ್ರಿ ಮೇಡಂ, ಹಾಕಿದ ಕೂಡ್ಲೆ ಕೆಂಪು ಇಳಿತೈತಿ" ಎಂದ. ಇಳಿಯಿತು ಕೂಡ. ಉಳಿದ ಔಷಧಿಯನ್ನು ಒರೆಸಿ, ಮುಚ್ಚಳ ಬಿಗಿಮಾಡಿ, ಕಪಾಟಿನಲ್ಲಿಟ್ಟೆ. ನಮ್ಮ ಮನೆಯಲ್ಲಿ ಯಾವುದೂ ದಂಡವಾಗಬಾರದು.

ಯಜಮಾನರ ಊರು ಸೊರಬದ ಕಡೆಯ ಜಡೆ. ಅಲ್ಲಿ ಅವರ ಅಕ್ಕ ಗೌರತ್ತಿಗೆಯ ಜೊತೆ ಪಾಲಿನಲ್ಲಿರುವ ಗದ್ದೆಯ ಭತ್ತ ಒಕ್ಕುವ ದಿನ, ಗಡೀಪಾರಾದವರ ಬದಲು ನಾನೇ ಹೋದೆ. ಅಲ್ಲಿನ ಅವ್ಯವಸ್ಥೆ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಚೀಲಗಳನ್ನು ಸಾಲಾಗಿ ಇಡಿಸಿದೆ. ಹರಟುತ್ತಿದ್ದವರನ್ನು ದೂರ ದೂರ ನಿಲ್ಲಿಸಿದೆ. ಒಕ್ಕುವ ಮೆಷಿನ್ನು ಹೊಟ್ಟನ್ನು ಮೋಡದಂತೆ ಉಗುಳುತ್ತಿತ್ತು. ಕೆಲಸದ ಹೆಂಗಸರೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ಸುತ್ತಿಕೊಳ್ಳಲಿಲ್ಲ. ಗದರಿಸಿದ್ದು ಯಾರೆಂದು ಗೊತ್ತಾಗಬೇಡವೆ?

ಬಾಯಿ ತೆರೆದು ಇನ್ನೊಂದು ಆಜ್ಞೆ ಕೊಡುವಷ್ಟರಲ್ಲಿ ಎಡಗಣ್ಣಿಗೆ ಸೂಜಿ ಚುಚ್ಚಿದಂತಾಯಿತು. ನೀರು ಎರಚಿದೆ, ರೆಪ್ಪೆ ಬಡಿದೆ, ಹೊಟ್ಟು ಕದಲಲಿಲ್ಲ. ಗೌರತ್ತಿಗೆ ಬಂದು ನನ್ನ ಗದ್ದ ಹಿಡಿದು ಮುಖ ಎತ್ತಿದರು.

"ಅಲ್ಲಾಡಬೇಡ ಮಾರಾಯ್ತಿ. ನಾಲಗೆಲಿ ತೆಗಿತೀನಿ."

ಸುತ್ತಲಿನವರ ಕಣ್ಣಿಗೆ ಕಸ ಬಿದ್ದರೆ ಅವರು ಹೀಗೆ ನಾಲಗೆಯ ತುದಿಯಿಂದ ತೆಗೆಯುತ್ತಾರೆಂದು ಗೊತ್ತಿತ್ತು. ಅದನ್ನು ನೆನೆದು ನಾನು ಎಷ್ಟೋ ಸಲ ಊಟ ಬಿಟ್ಟದ್ದೂ ಉಂಟು. ಈಗ ಅವರ ಬಾಯಿ ತುಂಬ ಎಲೆಅಡಿಕೆ ಬೇರೆ. "ಬೇಡ ಅತ್ತಿಗೆ, ಡಾಕ್ಟ್ರ ಹತ್ರ ಹೋಗ್ತೀನಿ" ಎಂದೆ. "ಡಾಕ್ಟ್ರು ಸೊರಬದಲ್ಲಿದಾರೆ, ಬಸ್ಸು ಈಗಷ್ಟೇ ಹೋಯ್ತು, ನಾನಿಲ್ಲಿದೀನಿ" ಎಂದರು. ತಾಂಬೂಲ ಉಗಿದು ಬಾಯಿ ಮುಕ್ಕಳಿಸಿದರು, ಒಂದೇ ಒಂದು ಸಲ. ಹಾಸ್ಟೆಲ್ಲಿನಲ್ಲಿ ಹಾಗೆ ಮುಕ್ಕಳಿಸಿದವರಿಗೆ ನಾನು ತಿಂಡಿ ಕೊಡುತ್ತಿರಲಿಲ್ಲ. ಆದರೆ ನೋವಿನ ಮುಂದೆ ತತ್ವ ನಿಲ್ಲುವುದಿಲ್ಲ. ಕಣ್ಣಿನೊಳಗೆ ಬೆಚ್ಚಗೆ ಏನೋ ಹರಿದಾಡಿತು. ಮರುಕ್ಷಣ ಅತ್ತಿಗೆ ನಾಲಗೆ ಚಾಚಿ ಹೊಟ್ಟಿನ ಚೂರನ್ನು ತೋರಿಸಿದರು. ಪ್ರಾಣ ಬಂದಂತಾಯಿತು.

"ಯಾರಿಗೂ ಹೇಳಬೇಡಿ ಅತ್ತಿಗೆ."

"ಹೇಳಕ್ಕೆ ಇದೇನು ಬಸಿರಾ?" ಎಂದು ಅವರು ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು.

ಶಿಕಾರಿಪುರಕ್ಕೆ ಬಂದ ಮೇಲೆ ಕಣ್ಣು ಕೆಂಪಾಯಿತು. ನನಗೆ ಒಳಗೊಳಗೆ ಸಮಾಧಾನವೇ. ನಾಲಗೆಯ ವಿಷಯ ಎತ್ತುವ ಅಗತ್ಯವೇ ಇಲ್ಲ, ಅಪರಾಧಿ ಮುಂದಿನ ಕೋಣೆಯಲ್ಲೇ ಇದ್ದಾರೆ. "ನೋಡಿ, ನಿಮ್ಮ ಬೇನೆ ನನಗೂ ಅಂಟಿಸಿದ್ರಿ" ಎಂದು ಶುರುಮಾಡಿದೆ. ಕಪಾಟಿನಿಂದ ಅವರದೇ ಡ್ರಾಪ್ಸ್ ತೆಗೆದು ಹೊತ್ತು ಹೊತ್ತಿಗೆ ತಪ್ಪದೆ ಹಾಕಿಕೊಂಡೆ. ಮೊದಲು ಕೆಂಪು ಇಳಿದಂತೆ ಕಂಡಿತು. ಆಮೇಲೆ ನೋವು ಏರಿತು, ಬೆಳಕು ಕಂಡರೆ ಕಣ್ಣು ಉರಿಯತೊಡಗಿತು.

"ನಂದು ಹೀಗಿರ್ಲಿಲ್ಲ ಕಣೆ. ನಂಗೆ ಬರೀ ಗೀಜು. ನಿಂಗೆ ಗೀಜೇ ಇಲ್ಲ, ನೋವಿದೆ."

"ನಿಮ್ಮದೇ ಬ್ಯಾಕ್ಟೀರಿಯಾ. ನನ್ನ ಹತ್ರ ಬಂದು ಶಿಸ್ತು ಕಲಿತಿದಾವೆ."

ಒಂದು ಬೆಳಿಗ್ಗೆ ಬಲಗಣ್ಣು ಮುಚ್ಚಿ ಗೋಡೆ ನೋಡಿದೆ. ಗೋಡೆಯಿತ್ತು, ಕ್ಯಾಲೆಂಡರ್ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಪ್ಪುಗುಡ್ಡೆಯ ಮೇಲೆ ಸಾಬೂದಾನಿಯಂಥ ಬಿಳಿ ಚುಕ್ಕೆ. ಆವತ್ತು ನಾನು ಯಾರಿಗೂ ಉಪದೇಶ ಮಾಡಲಿಲ್ಲ. ಯಜಮಾನರು ಅದಕ್ಕೇ ಹೆದರಿ ತಕ್ಷಣ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದರು.

ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹೋಟೆಲಿನ ಮಾಣಿ ತಿಂಡಿಗಳ ಹೆಸರು ಒದರುವಂತೆ ಕೇಳಿದರು: "ಕಣ್ಣಿಗೆ ಏನಾದ್ರೂ ಬಿತ್ತಾ ಅಮ್ಮ? ಎಲೆ ರಸ ಬಿಟ್ರಾ? ಎದೆಹಾಲು, ಹರಳೆಣ್ಣೆ? ನಾಲಗೆಲಿ ತೆಗೆಸಿದ್ರಾ?"

"ಛೆ ಛೆ!" ಎಂದೆ.

ಅವರು ನನ್ನ ಕಣ್ಣಿಗೆ ಹಿಡಿದಿದ್ದ ದೀಪ ಆರಿಸಿದರು. "ನೋಡಿ, ಬ್ಯಾಕ್ಟೀರಿಯಾ ಆದ್ರೆ ಒಂದು ಔಷಧಿ, ಬೂಷ್ಟಿನ ಜಾತಿದಾದ್ರೆ ಬೇರೆ ಔಷಧಿ. ಅದರದ್ದು ಇದಕ್ಕೆ ನಾಟಲ್ಲ. ಪರೀಕ್ಷೆ ಮಾಡೇ ಮಾಡ್ತೀವಿ, ಆದ್ರೂ ನೀವು ಮುಚ್ಚಿಟ್ರೆ ಹೋಗೋದು ನಿಮ್ಮ ಕಣ್ಣು."

ಹೇಳಿದೆ. ಭತ್ತದ ಹೊಟ್ಟು, ನಾಲಗೆ, ಕಪಾಟಿನ ಡ್ರಾಪ್ಸ್, ಎಲ್ಲ. ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಯಾರ ನಾಲಗೆ?"

"ನಿಮ್ಮ ಅಕ್ಕಂದು."

"ಮತ್ತೆ ಇಷ್ಟು ದಿನ ನನ್ನ ಬೈದಿದ್ದು?"

ಡಾಕ್ಟರಮ್ಮನ ಮಾಸ್ಕು ಅಲುಗುತ್ತಿತ್ತು. ಕಣ್ಣು ಮರಗಟ್ಟಿಸಿ, ಚುಕ್ಕೆಯನ್ನು ಸಣ್ಣಗೆ ಕೆರೆದು, ಗಾಜಿನ ಮೇಲೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೇರಿನ ಎಳೆಗಳಂತೆ ಕವಲೊಡೆದ ಶಿಲೀಂಧ್ರ ಕಂಡಿತಂತೆ. ಹೊಟ್ಟು ಗೀರಿದ ಜಾಗದಲ್ಲಿ ಅದೇ ಬಿತ್ತಿಹೋದದ್ದು. ಕೆಂಪು ಇಳಿಸುವ ನನ್ನ ಡ್ರಾಪ್ಸಿನಲ್ಲಿದ್ದದ್ದು ಸ್ಟಿರಾಯ್ಡ್. ಅದು ಕಣ್ಣಿನ ಕಾವಲುಗಾರರನ್ನೆಲ್ಲ ಮಲಗಿಸಿ ಬೂಷ್ಟಿಗೆ ಬಾಗಿಲು ತೆರೆದಿತ್ತು. "ನಾಲಗೆ?" ಎಂದು ಯಜಮಾನರು ಅಕ್ಕನ ಪರವಾಗಿ ಕೇಳಿದರು. "ಬಾಯಲ್ಲೂ ಬ್ಯಾಕ್ಟೀರಿಯಾ ತುಂಬಿರ್ತವೆ. ಈ ಸಲ ಬಚಾವಾಗಿದೀರಿ. ಅದಕ್ಕೇ ಮತ್ತೆ ನೆಕ್ಕಿಸ್ಕೋಬೇಡಿ" ಎಂದರು. ಒಟ್ಟಿನಲ್ಲಿ ಎಲೆಅಡಿಕೆಯ ಬಾಯಿ ಖುಲಾಸೆಯಾಯಿತು. ಒರೆಸಿ ಜೋಪಾನ ಮಾಡಿದ ನನ್ನ ಬಾಟಲಿಗೆ ಶಿಕ್ಷೆಯಾಯಿತು. ಅದನ್ನು ಹಾಕುವುದರಲ್ಲಿ ನಾನು ಒಂದು ಸಲವಾದರೂ ಸೋಮಾರಿಯಾಗಿದ್ದರೆ ಕಣ್ಣಿಗೆ ಅಷ್ಟು ಒಳ್ಳೆಯದಾಗುತ್ತಿತ್ತು.

ಹೊಸ ಔಷಧಿ ಸುಣ್ಣದ ನೀರಿನಂತಿತ್ತು. ಕುಲುಕಿ, ಗಂಟೆಗೊಮ್ಮೆ ಬಿಡಬೇಕು, ವಾರಗಟ್ಟಲೆ. ಬಿಡುವ ಅಧಿಕಾರ ಯಜಮಾನರದು. "ಮುಖ ಮೇಲೆ! ಅಲ್ಲಾಡ್ಬೇಡ! ಉಗುರು ನೋಡ್ತೀಯಾ, ಕತ್ತರಿಸಿದೀನಿ" ಎನ್ನುತ್ತ ಸೇಡು ತೀರಿಸಿಕೊಂಡರು. ಫೋನು ಮಾಡಿದವರಿಗೆಲ್ಲ "ಬೂಷ್ಟು ಬಂದಿದೆ. ಇಲ್ಲಪ್ಪ, ಉಪ್ಪಿನಕಾಯಿಗಲ್ಲ, ಇವಳಿಗೆ" ಎಂದು ವಿವರಿಸಿದರು. ಆದರೆ ಔಷಧಿ ಹಿಡಿಯದಿದ್ದರೆ ಸತ್ತವರು ದಾನಮಾಡಿದ ಕಣ್ಣಿನ ತೆಳುಪರೆಯನ್ನೇ ತಂದು ಹೊಲಿಯಬೇಕಾದೀತು, ಆಗಲೂ ದೃಷ್ಟಿ ಬರುವ ಭರವಸೆಯಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ದಿನಾ ಸಂಜೆ ನನ್ನ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಸಿ, ಬೆರಳು ಎತ್ತಿ "ಎಷ್ಟು?" ಎನ್ನುತ್ತಿದ್ದರು. ನಾನು "ಮೂರು" ಎಂದರೆ "ಸರಿ" ಎನ್ನುತ್ತಿದ್ದರು. ಒಮ್ಮೆ ಬೆರಳ ಸಂದಿನಿಂದ ಬಲಗಣ್ಣಲ್ಲಿ ಇಣುಕಿದೆ. ಎತ್ತಿದ್ದು ಎರಡು, ನಾನು ಮೂರು ಎಂದ ಕೂಡಲೇ ಇನ್ನೊಂದು ಬೆರಳು ಮೆಲ್ಲಗೆ ಎದ್ದಿತು. ಆವತ್ತು ಅವರಿಗೆ ಕೈ ತೊಳೆಯಿರಿ ಎಂದು ಹೇಳಲು ಮನಸ್ಸು ಬರಲಿಲ್ಲ.

ಚುಕ್ಕೆ ಕರಗುತ್ತಿದೆ ಎಂದು ಡಾಕ್ಟರಮ್ಮ ಹೇಳಿದರೂ, ಯಜಮಾನರ ಮುಂದೆ ತಪ್ಪಿ ಓದುವುದು ನನಗೆ ಬೇಡವಾಗಿತ್ತು. ಅದಕ್ಕೇ ಕೊನೆಯ ಪರೀಕ್ಷೆಯ ದಿನ ನಾನೊಂದು ಕೆಲಸ ಮಾಡಿದೆ. ಅಕ್ಷರ ಓದಿಸುವ ಕೋಣೆಯಲ್ಲಿ ನನ್ನ ಮುಂದಿನವರು ಗಟ್ಟಿಯಾಗಿ ಓದುತ್ತಿದ್ದಾಗ, ಬಾಗಿಲಲ್ಲಿ ನಿಂತು ಬೋರ್ಡನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡೆ. ನನ್ನ ಸರದಿ ಬಂತು. ಯಜಮಾನರು ಬೋರ್ಡಿನ ಪಕ್ಕದ ಬೆಂಚಿನಲ್ಲಿ ಕೈಕಟ್ಟಿ ಕೂತರು. ಬಲಗಣ್ಣಿಗೆ ರಟ್ಟು ಹಿಡಿದು, ಬೋರ್ಡಿನತ್ತ ನೋಡುವ ಗೋಜಿಗೂ ಹೋಗದೆ, ಮೇಲಿನ ದಪ್ಪಕ್ಷರದಿಂದ ಕೊನೆಯ ಸಾಲಿನವರೆಗೂ ಸರಾಗವಾಗಿ ಒಪ್ಪಿಸಿದೆ.

ಓದಿಸುತ್ತಿದ್ದ ಸಿಸ್ಟರ್ ಬೋರ್ಡನ್ನು ಬೆರಳಿನಿಂದ ತಟ್ಟಿದಳು. "ಅಜ್ಜಿ, ಅದು ನಿಮಗಿಂತ ಮುಂಚೆ ಓದಿದವರ ಬೋರ್ಡು. ಈಗ ಹಾಕಿರೋದು ಅಂಕಿದು."

ನೋಡಿದೆ. ಹೌದು, ಅಂಕಿಗಳೇ. ಮೇಲಿನ ಸಾಲು, ಅದರ ಕೆಳಗಿನದು, ಅದರ ಕೆಳಗಿನದು, ಒಂದೊಂದಾಗಿ ಓದಿದೆ. ತಳದ ಎರಡು ಸಾಲು ಮಾತ್ರ ಮಂಜಿನಲ್ಲಿದ್ದವು.

"ನಿಜವಾಗಿ ಇಷ್ಟು ಚೆನ್ನಾಗಿ ಕಾಣತ್ತಲ್ಲ, ಮತ್ತೆ ಬಾಯಿಪಾಠ ಯಾಕೆ ಅಜ್ಜಿ?" ಎಂದಳು.

ರಟ್ಟು ಇಳಿಸದೆಯೇ ಪಕ್ಕಕ್ಕೆ ನೋಡಿದೆ. ಬೆಂಚಿನಲ್ಲಿದ್ದ ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿ, ಭುಜ ಕುಣಿಸಿಕೊಂಡು ನಗುತ್ತಿದ್ದರು. ಎಡಗಣ್ಣಿಗೆ ಸ್ಪಷ್ಟವಾಗಿ ಕಂಡಿತು.