ಮಣ್ಣಿನ ಮನೆಯೊಳಗೆ ಮುಖ್ಯ ಇಂಜಿನಿಯರು

ಮೂವತ್ತು ವರ್ಷ ಇಂಜಿನಿಯರಾಗಿ ದುಡಿದು ನಿವೃತ್ತನಾದ ನನಗೆ ನನ್ನದೇ ಅಡುಗೆಮನೆಯ ಒಂದು ಗೋಡೆ ಒಡೆಯುವ ಅಧಿಕಾರವಿಲ್ಲ ಎಂದರೆ ನೀವು ನಂಬುತ್ತೀರಾ? ಗೋಡೆ ಹೋದರೆ ಗಾಳಿ ಬೆಳಕು ಬರುತ್ತದೆ ಎಂದು ನಕ್ಷೆ ಬರೆದು ತೋರಿಸಿದೆ. ನನ್ನಾಕೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು.

"ಸಹಿ ಹಾಕಿದ್ದು ಬಿಟ್ರೆ ನೀವು ಕಟ್ಟಿದ್ದೇನ್ರೀ? ಕೈಯಾರೆ ಒಂದು ಗೋಡೆ ಕಟ್ಟಿ ನಿಲ್ಸಿ. ಆಮೇಲೆ ನನ್ನ ಗೋಡೆ ಮುಟ್ಟಿ."

"ಒಂದು ಗೋಡೆ ಯಾಕೆ, ಇಡೀ ಮನೇನೇ ಕಟ್ತೀನಿ ನೋಡ್ತಿರು!"

ಬೇಸಿಗೆ ರಜೆ ಶುರುವಾಗಿತ್ತು. ಬೀದಿಯ ಹದಿನಾಲ್ಕು ಮಕ್ಕಳನ್ನು ಮೂಲೆಯ ಖಾಲಿ ಜಾಗದಲ್ಲಿ ಸೇರಿಸಿ, ಅವರೇ ಕಟ್ಟಿ ಅವರೇ ಆಡುವ ಮಣ್ಣಿನ ಮನೆಯೊಂದನ್ನು ಘೋಷಿಸಿದೆ. ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಮಣ್ಣು, ಮರಳು, ಒಣಹುಲ್ಲು, ನೀರು, ಇಪ್ಪತ್ತೆಂಟು ಕಾಲು (ನನ್ನವೆರಡು ಬೇರೆ). ಮಕ್ಕಳು ತುಳಿದದ್ದೇ ತುಳಿದದ್ದು, ತಾಯಂದಿರು ಬಟ್ಟೆ ಒಗೆದದ್ದೇ ಒಗೆದದ್ದು. ಬಾಗಿಲಿನ ಅಗಲಕ್ಕೆ ಎದುರುಮನೆಯ ಎಂಟು ವರ್ಷದ ಹುಡುಗಿಯ ಭುಜ ಅಳೆದೆ. ಮಕ್ಕಳ ಮನೆಗೆ ಮಕ್ಕಳ ಬಾಗಿಲು! ಈ ದೂರದೃಷ್ಟಿಗೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರು ವಾರದಲ್ಲಿ ಗೋಡೆ ಎದೆಮಟ್ಟ ಎದ್ದು, ಒಣಗಿ ಕಲ್ಲಾಯಿತು. ನಾನು ಸ್ಟೂಲು ಹಾಕಿಕೊಂಡು ಗೋಡೆ ದಾಟಿಯೇ ಓಡಾಡುತ್ತಿದ್ದೆ. ಕೊನೆಯ ದಿನ ಒಳಗಿಳಿದು, ಚಾವಣಿ ಹೊರುವ ನಡುಗಂಬ ಹಿಡಿದು ನಿಂತೆ. ನಾಲ್ವರು ಅಪ್ಪಂದಿರು ಹುಲ್ಲಿನ ಚಾವಣಿ ಎತ್ತಿಟ್ಟು, ಬಿಗಿದು ಕಟ್ಟಿ, ಕೈ ತೊಳೆದುಕೊಂಡು ತಂತಮ್ಮ ಕೆಲಸಕ್ಕೆ ಹೋದರು. ಹೊರಗೆ ಚಪ್ಪಾಳೆ. ನಾನು ಗಂಭೀರವಾಗಿ ಬಾಗಿಲಿಗೆ ಬಗ್ಗಿದೆ. ತಲೆ ಹೋಯಿತು. ಒಂದು ಭುಜವೂ ಹೋಯಿತು. ಹೊಟ್ಟೆ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ.

"ಅಜ್ಜೀ, ತಾತ ಸಿಕ್ಕಾಕೊಂಡ್ರು!"

ನನ್ನಾಕೆ ಓಡಿ ಬಂದಳು. ಗೋಡೆಯನ್ನು ತಟ್ಟಿದಳು, ಗುದ್ದಿದಳು. "ಅಬ್ಬಬ್ಬಾ, ಎಷ್ಟು ಗಟ್ಟಿಯಾಗಿದೆ! ನಾನು ಸೋತೆ ಕಣ್ರೀ."

"ನಾನು ಹೇಳ್ಲಿಲ್ವಾ?" ಎಂದೆ ಒಳಗಿನಿಂದ.

"ಆದ್ರೆ ಒಡೆದುಕೊಂಡು ಬಂದ್ರೆ ಗೋಡೆ ಬಿದ್ದ ಹಾಗೇ ಲೆಕ್ಕ. ನೋಡಿ, ಯೋಚ್ನೆ ಮಾಡಿ."

ಒಡೆಯುವ ಮಾತು ಕೇಳಿದ್ದೇ ತಡ, ಮಕ್ಕಳು ಗೊಳೋ ಎಂದವು. "ಅಳ್ಬೇಡಿ ಮಕ್ಳೇ, ಒಡೆಯಲ್ಲ. ಬೇಕಾದ್ರೆ ನಾನು ಇಲ್ಲೇ ಇದ್ದುಬಿಡ್ತೀನಿ!" ಎಂದೆ. (ಹೊರಗೆ ಯಾರೂ ಬೇಡ ಎನ್ನಲಿಲ್ಲ.)

ಆಗ ಎದುರುಮನೆ ಹುಡುಗಿ ಕಣ್ಣೊರೆಸಿಕೊಂಡು, "ಅಜ್ಜೀ, ನೀರು ಹಾಕಿದ್ರೆ ಮಣ್ಣು ಮೆತ್ತಗಾಗುತ್ತಲ್ವಾ?" ಎಂದಳು. ಬಾಗಿಲಿನ ಅಂಚಿಗೆ ಒದ್ದೆ ಗೋಣಿಚೀಲ ಹೊದಿಸಿದರು. ಎರಡು ಗಂಟೆ ಕಾದು, ನನ್ನಾಕೆ ಸೌಟು ಹಿಡಿದು ಹೆರೆದಳು. ಹದಿನಾಲ್ಕು ಮಕ್ಕಳು ನನ್ನನ್ನು ಹಿಡಿದೆಳೆದರು. ನಾನು ಹೊರಬಂದೆ. ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ.

"ಈಗ ಅಡುಗೆಮನೆ?" ಎಂದೆ, ಮೈಗೆಲ್ಲ ಕೆಸರು ಮೆತ್ತಿದ್ದರೂ ಎದೆಯುಬ್ಬಿಸಿ.

"ಕೊಟ್ಟ ಮಾತು ಕೊಟ್ಟಿದ್ದೇ. ನಾಳೆನೇ ಗೋಡೆ ಒಡೆಸೋಣ," ಎಂದ ನನ್ನಾಕೆ, ಹುಡುಗಿಯ ತಲೆ ಸವರಿದಳು. "ಆದ್ರೆ ಇಂಜಿನಿಯರು ಇವಳು."

ಇಂಜಿನಿಯರಮ್ಮ ಬೆಳಗ್ಗೆ ಎಂಟಕ್ಕೇ ಹಾಜರಾದಳು. ಗೋಡೆ ನೋಡಿದಳು, ನನ್ನನ್ನು ನೋಡಿದಳು. ಮೊದಲ ಅಪ್ಪಣೆ ಹೊರಟಿತು: "ಅಜ್ಜೀ, ಕೆಲಸ ಮುಗಿಯೋವರೆಗೂ ತಾತನ್ನ ಮನೆಯೊಳಗೆ ಬಿಡ್ಬೇಡಿ."

ಇವತ್ತಿಗೆ ಮೂರು ದಿನ. ಕೆಲಸ ಅಚ್ಚುಕಟ್ಟಾಗಿ ನಡೆಯುತ್ತಿದೆಯಂತೆ. ನನಗೆ ಊಟ ಕಿಟಕಿಯಲ್ಲಿ ಬರುತ್ತಿದೆ.