ಉದಗಾವನ ಬಲಗೆನ್ನೆ

ಟವೆಲಿನಲ್ಲಿ ಕಣಜ ಇತ್ತು. ಇಷ್ಟೇ ವಿಷಯ.

ಬಾಲ್ಕನಿಯ ಗಳದ ಮೇಲೆ ರಾತ್ರಿಯಿಡೀ ಒಣಗಿದ್ದ ಬಿಳಿ ಟವೆಲನ್ನು ಉದಗಾವ ಶಿಗೇಕಿ ಬೆಳಗಿನ ಐದೂವರೆಗೆ ಎಳೆದುಕೊಂಡ. ಅಷ್ಟರಲ್ಲಿ ಮುಖಕ್ಕೆ ಮೂರು ಸಲ ಸೋಪು ಹಾಕಿ ತೊಳೆದಾಗಿತ್ತು. ನಲವತ್ಮೂರು ವರ್ಷಗಳಲ್ಲಿ ಆ ಮುಖಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ. ಟವೆಲನ್ನು ಮುಖಕ್ಕೊತ್ತಿ ಹಾಯಾಗಿ ಉಸಿರೆಳೆದ. ಒಳಗೆ ಮಲಗಿದ್ದ ಕಣಜಕ್ಕೆ ಅದು ಹಾಯೆನಿಸಲಿಲ್ಲ.

ಅವನ ಕೂಗಿಗೆ ಹೆಂಡತಿ ಚಿಹಾರು ಹಲ್ಲುಜ್ಜುವ ಬ್ರಷ್ಷಿನೊಂದಿಗೇ ಓಡಿ ಬಂದಳು.

"ಎಲ್ಲಿ ಕಚ್ತು?"

"ಕೆನ್ನೆಗೆ."

"ಬೇರೆ ಎಲ್ಲೂ ಜಾಗ ಸಿಗ್ಲಿಲ್ವಾ ಅದಕ್ಕೆ? ಇಷ್ಟು ದೊಡ್ಡ ಮೈ ಇಟ್ಕೊಂಡಿದೀರಿ!"

ಅವಳ ಮಾತಿನಲ್ಲಿ ನ್ಯಾಯವಿತ್ತು. ಬೇರೆ ಯಾವ ದಿನವಾಗಿದ್ದರೂ ಆ ಮುಖಕ್ಕೆ ಏನಾದರೂ ಯಾರೂ ಕೇಳುತ್ತಿರಲಿಲ್ಲ. ಉದಗಾವನ ಕೆಲಸವೇ ಅಂಥದ್ದು. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ಅವರ ಜೊತೆ ಪಾಪದ ಅಪ್ಪ ಅಮ್ಮಂದಿರನ್ನೂ ಎಬ್ಬಿಸುವ ವೀರರ ಧಾರಾವಾಹಿಗಳಲ್ಲಿ ಅವನು ರಾಕ್ಷಸ. ಇಪ್ಪತ್ತು ವರ್ಷಗಳಿಂದ ರಬ್ಬರಿನ ವೇಷದೊಳಗೆ ಬೆಂದು, ಐದು ಬಣ್ಣದ ಐವರು ವೀರರಿಂದ ಒದೆ ತಿಂದು, ಸಿಡಿದು ಸತ್ತು, ಮುಂದಿನ ವಾರ ಇನ್ನೊಂದು ವೇಷದಲ್ಲಿ ಹುಟ್ಟುತ್ತಿದ್ದ. ಸೀಗಡಿಯಾಗಿದ್ದ, ಗಡಿಯಾರವಾಗಿದ್ದ, ಒಮ್ಮೆ ಎರಡು ಕಂತು ಟ್ರಾಫಿಕ್ ದೀಪವಾಗಿದ್ದ. ದನಿಯನ್ನು ಬೇರೆ ಯಾರೋ ಆಮೇಲೆ ತಂಪು ಕೋಣೆಯಲ್ಲಿ ಕೂತು ಸೇರಿಸುತ್ತಿದ್ದರು.

ಯಮಾಗಾತದ ಹಳ್ಳಿಯಲ್ಲಿದ್ದ ಅವನ ತಾಯಿ ಕಿನುಗೆ ಇದೊಂದು ಕೊರಗು. ಪ್ರತಿ ಭಾನುವಾರ ನೆರೆಹೊರೆಯವರಿಗೆ ಚಹಾ, ಉಪ್ಪಿನಕಾಯಿ ಕೊಟ್ಟು ಟೀವಿಯ ಮುಂದೆ ಕೂರಿಸುತ್ತಿದ್ದಳು. "ಇವನೇ ನಮ್ಮ ಶಿಗೇ" ಎಂದು ತೋರಿಸಲು ಅಲ್ಲಿ ಮುಖ ಇರಬೇಕಲ್ಲ? ಹೋದ ವರ್ಷ ಮಕ್ಕಳ ಪತ್ರಿಕೆಯಿಂದ ಏಡಿ ರಾಕ್ಷಸನ ಚಿತ್ರ ಕತ್ತರಿಸಿ, ಪೂಜೆಯ ಗೂಡಿನಲ್ಲಿ ತೀರಿಹೋದ ಗಂಡನ ಪಟದ ಪಕ್ಕ ಇಟ್ಟು, ಆರು ತಿಂಗಳು ದಿನವೂ ಅನ್ನ ತೋರಿಸಿದ್ದಳು. ಮಗ ಆಗಿದ್ದದ್ದು ಸೀಗಡಿ. ಏಡಿಯೊಳಗಿದ್ದವನು ಬೇರೆ ಯಾರೋ.

ಈಗ 'ಗುಡುಗುಪಡೆ ಡೊಂಗೋ' ಧಾರಾವಾಹಿಯ ಇಪ್ಪತ್ನಾಲ್ಕನೆಯ ಕಂತು ಬಂದಿತ್ತು. ವರ್ಷದ ನಡುವೆ ಬರುವ ಹಗುರ ಕಂತು. ಆ ವಾರ ಲೋಕ ನಾಶವಾಗುವುದಿಲ್ಲ. ಬರೆಯುವವರಿಗೂ ಸಿಡಿಮದ್ದಿನವರಿಗೂ ಸ್ವಲ್ಪ ಉಸಿರು ಬೇಕು. ಈ ಸಲದ ರಾಕ್ಷಸ ಉಬ್ಬುಮೀನು. ಅದು ಯಾರ ಮೇಲೆ ಊದುತ್ತದೋ ಅವರಿಗೆ ಮುನಿಸು. ಐವರು ವೀರರೂ ಪರಸ್ಪರ ಮಾತುಬಿಟ್ಟು, ಐದು ತುಂಡು ಸೇರಿ ಆಗಬೇಕಾದ ದೈತ್ಯ ರೋಬೋಟ್ ಸೊಂಟದವರೆಗೆ ಬಂದು ನಿಂತುಹೋಗುತ್ತದೆ. ಎಲ್ಲರಿಗಿಂತ ಮೊದಲು ಮುನಿಸಿಕೊಳ್ಳುವವನು ಬೀದಿಯಲ್ಲಿ ತೋಫು, ಅಂದರೆ ಸೋಯಾ ಪನೀರು, ಮಾರುವ ಅಂಗಡಿಯವನು. ಆ ಪಾತ್ರ ಉದಗಾವನಿಗೆ. ಇಪ್ಪತ್ತು ವರ್ಷ ತಪ್ಪದೆ ಸತ್ತಿದ್ದಕ್ಕೆ ನಿರ್ದೇಶಕ ಮುರೊಯಿ ಕೊಟ್ಟ ಉಡುಗೊರೆ ಅದು: ಬರಿ ಮುಖ, ಸ್ವಂತ ದನಿ, ಒಂದು ಮಾತು. "ನಿಮಗೆ ಮಾತ್ರ ತೋಫು ಕೊಡಲ್ಲ!"

ಸುದ್ದಿ ಕೇಳಿದ ಕಿನು ಹೊಸ ಕನ್ನಡಕ ಮಾಡಿಸಿಕೊಂಡಿದ್ದಳು.

ಚಿತ್ರೀಕರಣದ ಆ ದಿನವೇ ಕಸ ಹಾಕುವ ದಿನವೂ ಆಗಿತ್ತು. ಕೆಳಗೆ ಇಡೀ ಕಟ್ಟಡವೇ ಚೀಲ ಹಿಡಿದು ನಿಂತಿತ್ತು. ಕೆನ್ನೆಗೆ ಐಸ್ ಒತ್ತಿಕೊಂಡು ಗೋಡೆಬದಿಯಲ್ಲಿ ಜಾರಿಕೊಳ್ಳುತ್ತಿದ್ದ ಉದಗಾವನನ್ನು ಕಟ್ಟಡದ ಒಡತಿ ಅಡಾಚಿಯಮ್ಮ ತೋಳು ಹಿಡಿದು ನಿಲ್ಲಿಸಿದಳು.

"ಕೈ ತೆಗೀರಿ ನೋಡೋಣ. ಅಬ್ಬಬ್ಬಾ! ಏನ್ರೀ ಇದು, ಹೆಂಡ್ತಿ ಹೊಡೆದ್ಲಾ?"

"ಕಣಜ ಅಮ್ಮಾ."

"ಅಷ್ಟೇನಾ? ಅದಕ್ಕೆ ಔಷಧಿ ಮನೇಲೇ ಇರುತ್ತಲ್ಲ. ನಮ್ಮ ಕಾಲದಲ್ಲಿ ಬಿಸಿಬಿಸಿ ಮೂತ್ರ…"

"ಬೇಡಮ್ಮಾ!"

"ನಿಮ್ದೇ ಆಗ್ಬೇಕು ಅಂತೇನಿಲ್ಲ. ನಮ್ಮನೆಯವ್ರು ಈಗಷ್ಟೇ ಎದ್ದಿದಾರೆ."

ಅದರಿಂದ ಪಾರಾಗಲು ಉದಗಾವ ಅವಳ ಎರಡನೇ ಔಷಧಿಗೆ ಒಪ್ಪಿದ: ಕುಂಡದಲ್ಲಿದ್ದ ಲೋಳೆಸರ. ಅದನ್ನು ಕಂಡು ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ ರೋಷ ಬಂದು, ಕೆಸುವಿನ ಗಡ್ಡೆಗೆ ಶುಂಠಿ ಅರೆದು ತಂದು ಲೋಳೆಸರದ ಮೇಲೇ ಮೆತ್ತಿದರು. ಉರಿ ತಲೆಗೇರಿತು. ರೈಲು ಹತ್ತುವ ಹೊತ್ತಿಗೆ ಕೆನ್ನೆ ಉಗಿಯಲ್ಲಿ ಬೆಂದ ಬನ್ನಿನಂತೆ ಉಬ್ಬಿ ಬಲಗಣ್ಣನ್ನು ಮುಚ್ಚಿತ್ತು. ಹಾಕಿಕೊಂಡ ಬಿಳಿ ಮಾಸ್ಕಿನ ದಾರ ಎರಡೆರಡು ನಿಲ್ದಾಣಕ್ಕೊಮ್ಮೆ ಕಿವಿಯಿಂದ ಕಳಚಿ ಮಾಸ್ಕು ಎದುರಿನವರ ಮಡಿಲಿಗೆ ಹಾರುತ್ತಿತ್ತು. ಪ್ರತಿ ಸಲವೂ ಅವನು ಸೊಂಟ ಬಗ್ಗಿಸಿ ಕ್ಷಮೆ ಕೇಳಿ ತೆಗೆದುಕೊಂಡ.

ಚಿತ್ರೀಕರಣ ಕವಾಗುಚಿಯ ಹಳೆಯ ಅಂಗಡಿ ಬೀದಿಯಲ್ಲಿ. ನಿಜವಾದ ತೋಫು ಅಂಗಡಿಯ ಮುದುಕ ಇಸೊಬೆ, ತನ್ನ ಏಪ್ರನ್ನನ್ನು ಉದಗಾವನಿಗೆ ಕಟ್ಟುತ್ತ ತಕರಾರು ಶುರುಮಾಡಿದ.

"ನನ್ನ ಪಾತ್ರ ಮಾಡೋನು ನೀನೇನಾ? ತೋಫು ಹಾಗೆ ಹಿಡೀತಾರೇನಪ್ಪಾ? ಹಸುಗೂಸಿನ ತಲೆ ಹಿಡಿದ ಹಾಗೆ ಹಿಡಿ. ಮಾಸ್ಕ್ ಯಾಕೆ? ನಾನು ಐವತ್ತು ವರ್ಷದಲ್ಲಿ ಒಂದಿನ ಮುಖ ಮುಚ್ಕೊಂಡು ವ್ಯಾಪಾರ ಮಾಡಿಲ್ಲ."

"ಸ್ವಲ್ಪ ಶೀತ."

"ಒಂದೇ ಕೆನ್ನೆಗಾ?"

ಅಷ್ಟರಲ್ಲಿ ಮೇಕಪ್ಪಿನ ಹೊಶಿನಾ ಪುಡಿ ಡಬ್ಬಿ ಹಿಡಿದು ಬಂದಳು. ಉದಗಾವ ಎಡಗೆನ್ನೆ ಮಾತ್ರ ಕಾಣುವಂತೆ ತಿರುಗಿ ನಿಂತ. ಅವಳು ಈಚೆ ಬಂದರೆ ಇವನು ಆಚೆ. ಇಬ್ಬರೂ ಕಾಳಗದ ಕೋಳಿಗಳಂತೆ ತೋಫು ತೊಟ್ಟಿಯ ಸುತ್ತ ಎರಡು ಸುತ್ತು ಬಂದರು. ಮೂರನೆಯ ಸುತ್ತಿಗೆ ಮಾಸ್ಕಿನ ದಾರ ತಾನಾಗಿಯೇ ಕಳಚಿ, ಮಾಸ್ಕು ಆಗಷ್ಟೇ ಒಳಗೆ ಬಂದ ನಿರ್ದೇಶಕ ಮುರೊಯಿಯ ಎದೆಗೆ ಬಡಿಯಿತು.

ಉದಗಾವ ನೆಲಕ್ಕೆ ಹಣೆ ಮುಟ್ಟುವಷ್ಟು ಬಗ್ಗಿದ.

"ಕ್ಷಮಿಸಿ ಸರ್. ಬೆಳಿಗ್ಗೆ ಕಣಜ… ಬೇರೆಯವರನ್ನ ಹಾಕ್ಕೊಳ್ಳಿ. ನಾನು ಉಬ್ಬುಮೀನಿನೊಳಗೆ ಹೋಗ್ತೀನಿ. ಅಲ್ಲಿ ಯಾರಿಗೂ ಕಾಣಲ್ಲ."

"ತಲೆ ಎತ್ತು," ಎಂದ ಮುರೊಯಿ. ಸುತ್ತ ನಡೆದು ಆ ಕೆನ್ನೆಯನ್ನು ಕಲ್ಲಂಗಡಿ ಕೊಳ್ಳುವವನಂತೆ ನೋಡಿದ. "ಮೂರು ವಾರದಿಂದ ತಲೆ ಕೆರ್ಕೋತಿದೀನಿ ಮಾರಾಯ, ಮುನಿಸನ್ನ ಹೇಗೆ ತೋರಿಸೋದು ಅಂತ. ಇದು! ಉಬ್ಬುಮೀನು ಊದಿದವರ ಕೆನ್ನೆಯೆಲ್ಲಾ ಹೀಗೇ ಊದ್ಕೋಬೇಕು! ಕ್ಯಾಮೆರಾ ಎಲ್ಲಿ? ಹತ್ತಿರ ತನ್ನಿ, ಇನ್ನೂ ಹತ್ತಿರ!"

ಉದಗಾವ ತೋಫುವನ್ನು ಹಸುಗೂಸಿನಂತೆ ಎದೆಗವಚಿ, ಒಂದೇ ಕಣ್ಣಲ್ಲಿ ಗುರಾಯಿಸಿ, ಊದಿದ ಬಾಯಿಂದ ಗುಡುಗಿದ: "ನಿಮಗೆ ಮಾತ್ರ ತೋಫು ಕೊಡಲ್ಲ!"

ಮೊದಲನೇ ಸಲಕ್ಕೇ ಒಪ್ಪಿಗೆಯಾಯಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಉಬ್ಬುಮೀನಿನ ಹೊಟ್ಟೆಯೊಳಗಿಂದ ಅವನ ಕಿರಿಯ ಸಹೋದ್ಯೋಗಿ ಮಿನೆಗಿಶಿಯ ದನಿ ಬಂತು: "ಅಣ್ಣಾ, ಸೂಪರ್ ಅಣ್ಣಾ!" ಉದಗಾವನ ತೆರೆದ ಕಣ್ಣು ಒದ್ದೆಯಾಯಿತು. ಊದಿದ್ದರೇನು, ತನ್ನದೇ ಚರ್ಮ, ತನ್ನದೇ ಮಾಂಸ! ಊತವನ್ನು ಮೇಕಪ್ ಎಂದು ತಿಳಿದುಕೊಂಡರೂ ಹಳ್ಳಿಯಲ್ಲಿ ಮೂಗು ನೋಡಿ ಗುರುತು ಹಿಡಿಯುತ್ತಾರೆ.

ಅದೇ ದೃಶ್ಯದ ಇನ್ನು ಒಂದೇ ಒಂದು ಚಿತ್ರಿಕೆ, ಅಂದರೆ ಶಾಟ್, ಉಳಿದಿತ್ತು. ಆದರೆ ಮೋಡ ಬಂತು. ಮೋಡ ಹೋಯಿತು, ಊಟದ ಹೊತ್ತು ಬಂತು. ಊಟ ಮುಗಿಯಿತು, ಕೆಂಪು ವೀರನ ಹೆಲ್ಮೆಟ್ಟಿನ ಗಾಜು ಬೆವರಿ ಅವನು ಕಂಬಕ್ಕೆ ಗುದ್ದಿಕೊಂಡ. ಈ ಹೊತ್ತಿನಲ್ಲಿ ಎಲ್ಲರಿಗೂ ಉದಗಾವನ ಮೇಲೆ ಕರುಣೆ ಉಕ್ಕಿತು. ಇಸೊಬೆ ತಣ್ಣನೆಯ ತೋಫುವನ್ನು ಬಟ್ಟೆಯಲ್ಲಿ ಕಟ್ಟಿ ಕೆನ್ನೆಗಿಟ್ಟ. ಹೊಶಿನಾ ಮಾತ್ರೆ ಕೊಟ್ಟಳು. ಉದಗಾವ ನೆರಳಿನಲ್ಲಿ ಒರಗಿ, ಜೀವಮಾನದಲ್ಲಿ ಮೊದಲ ಸಲ ನಟನಂತೆ ನಿದ್ದೆ ಹೋದ.

ಎರಡು ಗಂಟೆಗೆ ಇಸೊಬೆ ಬಟ್ಟೆ ಬಿಚ್ಚಿ ಹೆಮ್ಮೆಯಿಂದ ಕೂಗಿದ. "ನೋಡ್ರಯ್ಯಾ ನನ್ನ ತೋಫು ಮಹಿಮೆ! ಎಲ್ಲಿದೆ ಊತ? ಕಡಲೆಕಾಳಷ್ಟೂ ಇಲ್ಲ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುರೊಯಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಯಾರ್ರೀ ನಿಮಗೆ ವಾಸಿಮಾಡೋಕೆ ಹೇಳಿದ್ದು? ಬೆಳಿಗ್ಗೆ ಊದಿದ ಕೆನ್ನೆ ಮಧ್ಯಾಹ್ನ ಇಳಿದ್ರೆ ಕತೆ ಹೇಗ್ರೀ ಮುಂದೆ ಹೋಗುತ್ತೆ?"

ಇಸೊಬೆಗೆ ನಾಚಿಕೆಯಾಯಿತು. ಉದಗಾವನ ಕಿವಿಯಲ್ಲಿ ಹೇಳಿದ: "ಹಿತ್ತಲ ಸೂರಿನಡಿ ಕಣಜದ ಗೂಡಿದೆ. ನಿನಗೆ ಬೇಕಾದ್ರೆ…"

ಬೇಕಾಗಿತ್ತು. ಉದಗಾವ ಹಿತ್ತಲಿಗೆ ಹೋಗಿ, ಗೂಡಿನ ಕೆಳಗೆ ಬಲಗೆನ್ನೆ ಚಾಚಿ ನಿಂತ. ಒಂದು ಕಣಜ ಬಂದು ಕೆನ್ನೆಯ ಮೇಲೆ ಕೂತು, ಬಾಡಿಗೆ ಮನೆ ನೋಡಲು ಬಂದವರಂತೆ ಆಚೀಚೆ ನಡೆದು, ಹಿಡಿಸದೆ ಹೋಯಿತು. "ಕಚ್ಚೇ ತಾಯಿ, ಪುಣ್ಯ ಬರುತ್ತೆ," ಎಂದು ಉದಗಾವ ಬೇಡಿಕೊಂಡ. ಉಳಿದವು ಅವನನ್ನು ಬಿಟ್ಟು, ಅಣ್ಣ ಎಲ್ಲಿ ಹೋದ ಎಂದು ಹುಡುಕಿಕೊಂಡು ಬಂದ ಉಬ್ಬುಮೀನಿನ ಮೇಲೆ ಗುಂಪಾಗಿ ಎರಗಿದವು. ರಬ್ಬರಿನೊಳಗಿದ್ದ ಮಿನೆಗಿಶಿಗೆ ಏನೂ ತಿಳಿಯಲೇ ಇಲ್ಲ. "ಎಲ್ರೂ ಯಾಕಣ್ಣಾ ನನ್ನ ನೋಡಿ ಓಡ್ತಿದಾರೆ?" ಎಂದು ಕೇಳುತ್ತ ಬೀದಿಯುದ್ದಕ್ಕೂ ಹಿಂಬಾಲಿಸಿದ.

ಕೊನೆಗೆ ಹೊಶಿನಾ ಅಂಗಿತೋಳು ಮಡಚಿದಳು. "ಎಲ್ಲಾ ಸುಮ್ನಿರಿ. ನನಗೆ ಒಂದು ಗಂಟೆ ಕೊಡಿ." ಡಬ್ಬಿಯಿಂದ ರಬ್ಬರು ತೆಗೆದು ಕೆನ್ನೆ ಮಾಡಿದಳು, ಮುಚ್ಚಿದ ರೆಪ್ಪೆ ಮಾಡಿದಳು, ಸಮತೂಕಕ್ಕೆ ಮೂಗನ್ನೂ ಸ್ವಲ್ಪ ದಪ್ಪ ಮಾಡಿದಳು. ಪರಿಚಿತವಾದ ಅಂಟಿನ ವಾಸನೆ ಮೂಗಿಗೆ ಬಡಿದಾಗ ಉದಗಾವ ನಿಟ್ಟುಸಿರಿಟ್ಟ. ಹೋಗಲಿ, ಒಂದು ಚಿತ್ರಿಕೆ ತಾನೆ? ಬೆಳಗಿನದ್ದರಲ್ಲಿ ಸ್ವಂತ ಮುಖ ಇದ್ದೇ ಇದೆ.

ಚಿತ್ರಿಕೆ ಮುಗಿಯಿತು. ಮುರೊಯಿ ಬೆಳಗಿನದ್ದನ್ನೂ ಈಗಿನದ್ದನ್ನೂ ಒಂದರ ಪಕ್ಕ ಒಂದು ಹಾಕಿಸಿ ಪುಟ್ಟ ಪರದೆಯ ಮುಂದೆ ಬಹಳ ಹೊತ್ತು ಕೂತ.

"ಉದಗಾವ, ಬೇಜಾರು ಮಾಡ್ಕೋಬೇಡ," ಎಂದ ಕೊನೆಗೆ. "ಬೆಳಗಿನದ್ದು ಯಾಕೋ ನಕಲಿ ಥರ ಕಾಣ್ತಿದೆ."

"ಅದು ನಿಜವಾದ ಕೆನ್ನೆ ಸರ್."

"ಗೊತ್ತು ಮಾರಾಯ. ಆದ್ರೆ ಯಾರು ನಂಬ್ತಾರೆ? ಇದು ನೋಡು, ಜೀವಂತವಾಗಿದೆ! ಬೆಳಗಿನದ್ದನ್ನೂ ಇದರಲ್ಲೇ ಇನ್ನೊಂದ್ಸಲ ತೆಗೆಯೋಣ."

ಹಸುಗೂಸು, ಗುರಾಯಿಸುವುದು, ಗುಡುಗು, ಎಲ್ಲವೂ ಮತ್ತೊಮ್ಮೆ ನಡೆಯಿತು. ಚಪ್ಪಾಳೆ ಬೆಳಗಿಗಿಂತ ಜೋರಾಗಿ ಬಿತ್ತು. ಮುರೊಯಿ ಎದ್ದು ಬಂದು ಉದಗಾವನ ಎರಡೂ ಕೈ ಹಿಡಿದುಕೊಂಡ.

"ಮಕ್ಕಳು ಈ ಕೆನ್ನೆ ಮಾವನ್ನ ಬಿಡಲ್ಲ ನೋಡ್ತಿರು. ಈಗಷ್ಟೇ ಫೋನಲ್ಲಿ ಮಾತಾಡ್ದೆ. ಊತ ಇಳಿಯೋದೇ ಇಲ್ಲ ಅಂತ ಕತೆ ಬದಲಾಯಿಸ್ತೀವಿ. ಫೆಬ್ರವರೀಲಿ ಧಾರಾವಾಹಿ ಮುಗಿಯೋವರೆಗೆ ಪ್ರತಿ ವಾರ ನೀನಿರ್ತೀಯ. ನಟರ ಪಟ್ಟೀಲಿ ಹೆಸರು ಬರುತ್ತೆ!"

ಪ್ರತಿ ವಾರ. ಹೆಸರು. ಸ್ವಂತ ದನಿ. ಉದಗಾವ ನಕ್ಕ, ರಬ್ಬರಿನ ಕೆನ್ನೆ ನಗಲಿಲ್ಲ.

ಸಂಜೆ ನಿಲ್ದಾಣದ ಬಳಿ ನಿಂತು ಹಳ್ಳಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

"ಕೆನ್ನೆ ರಬ್ಬರು," ಎಂದಳು ಕಿನು. "ಮೂಗು?"

"ಅದೂ ಅರ್ಧ ರಬ್ಬರು ಅಮ್ಮಾ."

"ಕಣ್ಣು?"

"ಬಲಗಣ್ಣು ರಬ್ಬರು. ಎಡಗಣ್ಣು ನಂದೇ."

"ಎಡಗಣ್ಣಾ? ಅದು ನಿಮ್ಮಪ್ಪಂದು ಕಣೋ, ಹಾಗೇ ಇದೆ." ಅವಳ ದನಿ ಗೆಲುವಾಯಿತು. "ಸಾಕು ಬಿಡು. ಆ ಒಂದನ್ನ ಚೆನ್ನಾಗಿ ಬಿಟ್ಕೊಂಡಿರು. ಮಿಕ್ಕಿದ್ದನ್ನ ಪಕ್ಕದ ಮನೆಯವ್ರಿಗೆ ನಾನು ಹೇಳ್ಕೋತೀನಿ."